ಚಪ್ಪಾಳೆಯ ಪರೀಕ್ಷೆ

ಗುಬ್ಬಿಯ ನಮ್ಮ ಬೀದಿಯವರು ಇವತ್ತಿಗೂ ಹೇಳುತ್ತಾರೆ: ಪಕ್ಕದ ಮನೆಯ ಎಣ್ಣೆಮಿಲ್ ಫಿಟ್ಟರ್ ಹಟಮಾರಿ, ಕಿವಿಯ ಮಿಷನ್ ಕೊಂಡರೂ ಹಾಕಿಕೊಳ್ಳಲಿಲ್ಲ. ಯಾಕೆಂದು ಇವರಲ್ಲಿ ಒಬ್ಬರಾದರೂ ಕೇಳಿದ್ದರೇ?

ಎಂಬತ್ತರ ದಶಕದ ಮಿಷನ್ ಅದು, ಜೇಬಿನಲ್ಲಿ ಡಬ್ಬಿ, ಕಿವಿಗೆ ವೈರು. ಪಾತ್ರೆ ಇಟ್ಟರೆ ಸಿಡಿಲು, ಅಂಗಿ ಉಜ್ಜಿದರೆ ಬಿರುಗಾಳಿ. ಗಂಡಸರ ದಪ್ಪ ದನಿ ಹೇಗೋ ತಿಳಿಯುತ್ತಿತ್ತು. ಕುಣಿಗಲ್‌ನಿಂದ ಭಾನುವಾರ ಬರುವ ಮಗಳ ಸಣ್ಣ ದನಿ ಮಾತ್ರ ಅರ್ಥವಾಗುತ್ತಿರಲಿಲ್ಲ. ಅವಳ ತುಟಿಯನ್ನೇ ನೋಡುತ್ತಾ, “ಸದ್ದು ಬರ್ತದೆ ಕಣವ್ವಾ, ಮಾತು ಬರಲ್ಲ” ಎನ್ನುತ್ತಿದ್ದರು.

ಒಂದು ದಿನ ಅವರು, ಮಗಳು, ನಾನು ಮೂವರೂ ಮಿಷನ್ ಕೊಂಡಿದ್ದ ತುಮಕೂರಿನ ಅಂಗಡಿಗೆ ಹೋದೆವು. ಅಂಗಡಿಯವನು ಅವರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಇವರು ತಿರುಗಿದರು.

“ಕೇಳಿಸ್ತಲ್ಲ ಯಜಮಾನ್ರೇ! ಮಿಷನ್ ಫಸ್ಟ್ ಕ್ಲಾಸಾಗಿದೆ.”

“ಈಗ ಇವಳು ಮಾತಾಡ್ಲಿ” ಎಂದೆ.

ಮಗಳು ಹಿಂದೆ ನಿಂತು, “ಅಪ್ಪಾ, ಊಟಕ್ಕೆ ಹೋಗೋಣ್ವಾ?” ಎಂದಳು.

“ಏನವ್ವಾ?”

ಅಂಗಡಿಯವನು ಡಬ್ಬಿಯ ಸದ್ದಿನ ತಿರುಪು ಏರಿಸಿದ. ಡಬ್ಬಿ ಕಿರುಚಿತು, ಅಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಅವಳು ಮತ್ತೆ ಕೇಳಿದಳು.

“ಏನವ್ವಾ?”

“ನಿಮ್ಮಪ್ಪಂಗೆ ಹಟ ಕಣಮ್ಮ” ಎಂದು ಅಂಗಡಿಯವನು ನಕ್ಕ.

ನನಗೆ ಮೈಯೆಲ್ಲ ಉರಿಯಿತು. “ಏನ್ರೀ, ಇವರು ಬಂದಿದ್ದು ನಿಮ್ಮ ಚಪ್ಪಾಳೆ ಕೇಳೋಕಾ, ಮಗಳ ಮಾತು ಕೇಳೋಕಾ?”