ಅಮ್ಮನ ಮಂಚದ ಪಕ್ಕದ ಸಾಕೆಟ್

ಜೋಗೇಶ್ವರಿಯ ವಠಾರದಂಥ ಹಳೆಯ ಚಾಳು ಕೆಡವಿದ ಜಾಗದಲ್ಲಿ, ಅಲ್ಲಿದ್ದವರಿಗೆಂದೇ ಹೊಸ ಬಿಲ್ಡಿಂಗ್ ಎದ್ದಿತ್ತು. ಗೋಡೆಗೆ ಪ್ಲಾಸ್ಟರ್ ಬೀಳುವ ಮುಂಚೆಯೇ ಧನರಾಜ್ ಸೀಮೆಸುಣ್ಣ ಹಿಡಿದು ತನ್ನ ಪಾಲಿನ ಮನೆಗೆ ಹೋದ. ಉಳಿದವರು ಅಡುಗೆ ಕಟ್ಟೆಯ ಎತ್ತರಕ್ಕೆ ತಲೆ ಕೆಡಿಸಿಕೊಂಡರೆ, ವಿಕ್ರೋಳಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಈ ಮನುಷ್ಯನಿಗೆ ಇಂಟರ್ನೆಟ್ ತಂತಿಯದೇ ಚಿಂತೆ.

“ಈಗೆಲ್ಲಾ ವೈಫೈ ಐತ್ರಿ ಅಣ್ಣಾರ. ಎರಡು ಖೋಲಿ ಮನಿಗೆ ಗ್ವಾಡಿ ಯಾಕ ಕೊರೀಬೇಕು?” ಎಂದ ವಯರಿಂಗಿನ ಶಿವಪುತ್ರ.

“ಗಾಳಿಯದ್ದು ಬೇಡ ಮಾರಾಯ, ಬೇಕಾದಾಗಲೇ ಕೈಕೊಡ್ತದೆ. ಬಾಗಿಲಿನಿಂದ ಇಲ್ಲಿವರೆಗೆ ಪೈಪ್ ಎಳಿ. ಇಲ್ಲಿ ಅಮ್ಮನ ಮಂಚ.”

ಚಾಳು ಬಿಟ್ಟ ಮೇಲೆ ತಾಯಿ ಮಗ ಹಿಡಿದ ಬಾಡಿಗೆ ಖೋಲಿಯಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಡುಪಿ ಕಡೆಯ ಅವರ ಊರಿನಲ್ಲಿ ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ನೇಮ. ವೇಷ ಕಟ್ಟಿದವನ ಮೈಮೇಲೆ ಆವೇಶ ಬಂದು ದೈವ ಆಡುವ ನುಡಿಯೇ ಅದರ ಜೀವ. ಮೊಣಕಾಲು ಸೋತ ತಾಯಿ ಅಪ್ಪಿ ಅದರ ಲೈವನ್ನು ಮಗನ ಮೊಬೈಲಿನಲ್ಲಿ ಕೈಮುಗಿದು ನೋಡುವಳು. ದೈವ ಬಾಯಿ ತೆರೆಯುವುದಕ್ಕೂ ಹಾಳಾದ ಚಿತ್ರ ನಿಂತು ಚಕ್ರ ತಿರುಗುವುದಕ್ಕೂ ಸರಿಹೋಗುತ್ತಿತ್ತು.

“ಎಂತ ಹೇಳಿತು ಮಗಾ?” ಎಂದು ಅಪ್ಪಿ ಒಮ್ಮೆ ಕೇಳಿದಾಗ ಅವಳ ಕಣ್ಣು ತುಂಬಿತ್ತು. ಅದನ್ನು ನೋಡಲಾರದೆ ಧನರಾಜ್, “ಅಪ್ಪಿ ಸ್ವಂತ ಮನೆಯಲ್ಲಿ ಕೂತು ನನ್ನ ನುಡಿ ಕೇಳ್ತಾಳೆ, ಅಲ್ಲಿವರೆಗೆ ಕಾಯ್ತೇನೆ ಅಂತ ಹೇಳಿತು” ಎಂದುಬಿಟ್ಟ.

ದೈವದ ಬಾಯಿಗೆ ಇಲ್ಲದ ಮಾತು ತುರುಕುವುದು ಅವರ ಕಡೆ ಸಣ್ಣ ಸಂಗತಿಯಲ್ಲ. ಊರಿನಲ್ಲಿದ್ದ ತಂಗಿ ಹರಿಣಿ, “ಅಮ್ಮನನ್ನು ನೇಮಕ್ಕೆ ಕರಕೊಂಡು ಬಾ ಅಣ್ಣ” ಎಂದು ಕರೆದು ಕರೆದು ಸೋತಳು. ಅಪ್ಪಿ ಜಗ್ಗಲಿಲ್ಲ. “ಸ್ವಂತ ಮನೆಯಲ್ಲೇ ಅಂತ ಅಪ್ಪಣೆ ಆಗಿದೆಯಲ್ಲ, ಮೀರುವುದು ಹೇಗೆ? ಹರಿಣಿಗೆ ಹೇಳಬೇಡ. ನನಗೆ ಬಂದ ನುಡಿ ನನ್ನಲ್ಲೇ ಇರಲಿ.” ಸಿಕ್ಕಿಬೀಳುವ ಹೆದರಿಕೆಯಿದ್ದ ಮಗನಿಗೂ ಅದೇ ಬೇಕಿತ್ತು. ಮೊಣಕಾಲು ನೋವೆಂದು ತಂಗಿಯ ಬಾಯಿ ಮುಚ್ಚಿಸಿದ. ಇನ್ನು ಅವನಿಗೆ ಉಳಿದದ್ದು ಆ ಸುಳ್ಳನ್ನು ನಿಜ ಮಾಡುವ ದಾರಿಯೊಂದೇ.

ಇಂಟರ್ನೆಟ್ ತಂತಿಯ ಸಾಕೆಟ್ ಎಲ್ಲಿರಬೇಕೆಂದು ಅಪ್ಪಿಯೇ ಹೇಳಿದ್ದಳು. “ಮಲಗಿದಲ್ಲಿಂದ ಕೈಗೆ ಎಟಕಬೇಕು. ಸಡಿಲಾದರೆ ನಾನೇ ಒತ್ತುತ್ತೇನೆ.” ಹಾಗೆಯೇ ತಗ್ಗಿನಲ್ಲಿ ಕೂರಿಸಿದರು. ಪ್ಲಾಸ್ಟರ್ ಆಯಿತು, ಬಣ್ಣವೂ ಆಯಿತು. ಬೀಗದ ಕೈ ಮಾತ್ರ ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು. ಮಳೆಗಾಲ ಮುಗಿಯುವ ಮೊದಲೇ ಅಪ್ಪಿ ಬಾಡಿಗೆ ಖೋಲಿಯಲ್ಲಿ ಕಣ್ಣು ಮುಚ್ಚಿದಳು. ಕೊನೆಯವರೆಗೂ ಅವಳು ಕೇಳಿದ್ದು, “ಮನೆ ಆಯ್ತಾ?”

ಹೊಸ ಮನೆಗೆ ಬಂದ ಮೇಲೂ ಧನರಾಜ್ ಅದೇ ಗೋಡೆಗೆ ಅವಳ ಮಂಚ ಹಾಕಿದ. ನೇಮದ ದಿನ ಪಕ್ಕದಲ್ಲಿ ಸ್ಟೂಲಿಟ್ಟು, ಸಣ್ಣ ಟಿವಿಗೆ ತಂತಿ ಸಿಕ್ಕಿಸಿ ನೆಲದ ಮೇಲೆ ಕೂತ. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ದೈವ ನುಡಿ ಕೊಟ್ಟಿತು: “ಪರವೂರು ಸೇರಿದ ಮಕ್ಕಳು ಒಮ್ಮೆ ಬಂದು ಮುಖ ತೋರಿಸಲಿ. ನಡೆಯಲಾಗದವರನ್ನು ಹೊತ್ತಾದರೂ ತನ್ನಿ. ನನಗೆ ಬೇರೇನೂ ಬೇಡ.”

ಧನರಾಜ್ ಕೂಡಲೇ ಹರಿಣಿಗೆ ಫೋನ್ ಮಾಡಿದ. “ಈ ಮಾತು ಈ ವರ್ಷ ಹೊಸತಾ?”

“ಹೊಸತೆಂಥದು ಅಣ್ಣ? ಪ್ರತಿ ವರ್ಷ ಹೇಳುವುದೇ ಇದು. ಅದಕ್ಕೇ ಅಲ್ವಾ ಅಮ್ಮನನ್ನು ಅಷ್ಟು ಕರೆದದ್ದು? ನೀವು ಲೈವ್‌ನಲ್ಲಿ ಕೇಳಿದ್ದೀರಿ ಅಂತ ಮಾಡಿದ್ದೆ.”

ಧನರಾಜ್ ಫೋನ್ ಕೆಳಗಿಟ್ಟ. ಟಿವಿಯಲ್ಲಿ ದೈವ ಅದೇ ಮಾತನ್ನು ಇನ್ನೊಮ್ಮೆ ಹೇಳತೊಡಗಿತು, ಒಂದಕ್ಷರವೂ ತುಂಡಾಗದೆ. ಅವನು ಕೂತಲ್ಲಿಂದಲೇ ಕೈ ಚಾಚಿ ತಂತಿ ಕಿತ್ತ. ಸಾಕೆಟ್ ಅಮ್ಮನಿಗೆ ಎಟಕುವ ಎತ್ತರದಲ್ಲೇ ಇತ್ತು, ಏಳಬೇಕಾಗಲಿಲ್ಲ.