ಅಪ್ಪನ ಪಕ್ಕ ಕೂರುವ ಆರು ಗಂಟೆ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಡತನದಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬ ದೀರ್ಘಾವಧಿ ಅಧ್ಯಯನವೊಂದರಲ್ಲಿ ನಾನು ಫೀಲ್ಡ್ ಇನ್ವೆಸ್ಟಿಗೇಟರ್ ಆಗಿದ್ದೆ. ಅಂದರೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವವಳು. ಅವೇ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ಕಾಣಬೇಕು. ಒಂದೊಂದು ಸಲದ ಭೇಟಿಗೂ ‘ರೌಂಡ್’ ಎಂದು ಹೆಸರು. ನಿಯಮ ಒಂದೇ: ಕೇಳಬೇಕು, ಬುದ್ಧಿ ಹೇಳಬಾರದು. ಬಾಯಿಬಡುಕಿಯಾದ ನನಗೆ ಕಷ್ಟವಾಗುತ್ತಿದ್ದದ್ದು ಅದೇ.

ಚಳ್ಳಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿದರೆ ಎಣ್ಣೆ ಮಿಲ್ಲುಗಳ ಕಮ್ಮನೆಯ ವಾಸನೆ ಊರಾಚೆಯವರೆಗೂ ಜೊತೆಗೆ ಬರುತ್ತಿತ್ತು. ಆ ಗಾಳಿಗೆ ಕಣ್ಣು ಎಳೆಯುತ್ತಿತ್ತು. ಎಚ್ಚರವಾಗುವಾಗ ಬಂಡೆಗುಡ್ಡಗಳು, ಮೊಳಕಾಲ್ಮೂರು, ಓಣಿಯ ಎರಡೂ ಬದಿ ಮಗ್ಗದ ಸದ್ದು. ನಿದ್ದೆ ಮುಗಿದಿದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ನಡೆಯುತ್ತಿದ್ದೆ. ಆ ದಿನಗಳು ಈಗ ನೆನಪಾಗುವುದೂ ಹಾಗೆಯೇ.

ಆ ಓಣಿಯ ನೇಕಾರ ತಿಪ್ಪೇಸ್ವಾಮಿಯವರ ಮಗಳು ನಾಗವೇಣಿ ನಮ್ಮ ಪಟ್ಟಿಯಲ್ಲಿದ್ದಳು. ಮಗು ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ತಾಯಿ ಲಕ್ಷ್ಮಕ್ಕ, “ಅಯ್ಯೋ, ನಮ್ ಹುಡುಗೀನ ಕೆಲ್ಸಕ್ಕೆ ಹಾಕ್ತೀವಾ?” ಎಂದು ನಗುತ್ತಿದ್ದರು. ಎರಡು ರೌಂಡುಗಳಲ್ಲೂ ನಾನು ದುಂಡಗೆ ಸೊನ್ನೆ ಬರೆದಿದ್ದೆ. ನನ್ನ ಫಾರಂಗಳ ಅಚ್ಚುಕಟ್ಟಿಗೆ ಆಫೀಸಿನಲ್ಲಿ ಹೊಗಳಿಕೆಯೂ ಸಿಕ್ಕಿತ್ತು.

ಮೂರನೇ ರೌಂಡಿಗೆ ಒಂದು ಭಾನುವಾರ ಹೋದಾಗ ನಾಗವೇಣಿ ಏಳನೇ ತರಗತಿಯ ಕೊನೆಯಲ್ಲಿದ್ದಳು. ಹೈಸ್ಕೂಲಿಗೆ ಸೇರಿಸುತ್ತೀರಾ ಎಂದೆ. “ಏಳನೇದು ಮುಗೀಲಿ, ಸಾಕು ಬಿಡ್ರಿ,” ಎಂದರು ತಿಪ್ಪೇಸ್ವಾಮಿ, ಮಗ್ಗದಡಿ ಕಾಲು ಇಳಿಬಿಟ್ಟು ಕೂತ ಕುಣಿಯೊಳಗಿಂದ ತಲೆ ಎತ್ತದೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ಬುದ್ಧಿ ಹೇಳಬಾರದಲ್ಲ, ನಾನು ‘ಇಲ್ಲ’ ಎಂದು ಬರೆದುಕೊಂಡೆ.

ಆ ಸಲ ಮಕ್ಕಳಿಗೆಂದೇ ಒಂದು ಹೊಸ ಕ್ರಮ ಬಂದಿತ್ತು. ನಿದ್ದೆ, ಶಾಲೆ, ಮನೆಗೆಲಸ, ಊಟ-ಸ್ನಾನ, ಆಟ, ಕೂಲಿ ಇವುಗಳ ಚಿತ್ರಗಳನ್ನು ನೆಲದ ಮೇಲೆ ಹರಡಿ, ಇಪ್ಪತ್ನಾಲ್ಕು ಶೇಂಗಾಕಾಯಿ ಕೊಡುವುದು. ಒಂದು ಕಾಯಿ ಎಂದರೆ ಒಂದು ಗಂಟೆ. ಶಾಲೆಯಿರುವ ದಿನ ಹೇಗೆ ಕಳೆಯುತ್ತದೆಂದು ಮಗುವೇ ಇಟ್ಟು ತೋರಿಸಬೇಕು.

ನಾಗವೇಣಿ ನಿದ್ದೆಗೆ ಎಂಟು, ಶಾಲೆಗೆ ಆರು, ಮನೆಗೆಲಸಕ್ಕೆ ಎರಡು, ಊಟ-ಸ್ನಾನಕ್ಕೆ ಎರಡು ಇಟ್ಟಳು. ಉಳಿದ ಆರನ್ನು ಅಂಗೈಯಲ್ಲಿ ಹಿಡಿದು ಚಿತ್ರಗಳನ್ನು ನೋಡುತ್ತಾ ಕೂತಳು.

“ಅಕ್ಕಾ, ಅಪ್ಪನ ಪಕ್ಕ ಕೂರೋದು ಎಲ್ಲೈತೆ?”

ಆಗ ಹೊಳೆಯಿತು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣವಾದ ಸೀರೆಗೆ ಅಂಚಿನ ನೂಲಿನ ಲಾಳಿ ತಳ್ಳಲು ನೇಯುವವರ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಮಗಳು ಅಪ್ಪನಿಗೆ ಕೈ ಜೋಡಿಸುವುದನ್ನು ಆ ಮನೆಯಲ್ಲಿ ಯಾರೂ ಕೆಲಸದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಲಕ್ಷ್ಮಕ್ಕ ಸುಳ್ಳು ಹೇಳಿರಲಿಲ್ಲ. ಆದರೆ ನಾನು? ಬಂದಾಗಲೆಲ್ಲ ನಾಗವೇಣಿ ಅಪ್ಪನ ಪಕ್ಕದ ಹಲಗೆಯ ಮೇಲೆ ಕೂತಿದ್ದನ್ನು ನೋಡಿದ್ದೆ. ಕಿಟಕಿಯ ಬಿಸಿಲಿಗೆ ರೇಷ್ಮೆ ಹೊಳೆಯುವುದನ್ನು, ಆ ಹೊಳಪು ಅವಳ ಕೆನ್ನೆಗೆ ಬೀಳುವುದನ್ನು ಮೈಮರೆತು ನೋಡಿದ್ದೆ. ನನಗೆ ನಾಚಿಕೆಯಾಯಿತು.

“ಬರೀ ನೆಲದ ಮೇಲೆ ಇಡು,” ಎಂದೆ. ಇಟ್ಟಳು. ಫಾರಂನ ಮುಂದಿನ ಪ್ರಶ್ನೆ: ಬರುವ ವರ್ಷ ನಿನ್ನ ದಿನ ಹೇಗಿರುತ್ತದೆ? ಅವಳು ಶಾಲೆಯ ಆರೂ ಕಾಯಿಗಳನ್ನು ಮೆಲ್ಲಗೆ ಸರಿಸಿ ನೆಲದ ಮೇಲಿನ ಗುಡ್ಡೆಗೆ ಸೇರಿಸಿದಳು.

ಮಗ್ಗದ ಸದ್ದು ನಿಂತಿತು. ತಿಪ್ಪೇಸ್ವಾಮಿ ಕುಣಿಯಿಂದ ಎದ್ದು ಬಂದು ಕುಕ್ಕರಗಾಲಲ್ಲಿ ಕೂತರು.

“ಆಟಕ್ಕೆ ಒಂದೂ ಇಲ್ಲೇನವ್ವ?”

“ಲಾಳಿ ತಳ್ಳೋವಾಗ ಹಾಡು ಹೇಳ್ಕಂತೀವಲ್ಲಪ್ಪ,” ಎಂದಳು ಅವಳು, ಅಪ್ಪನನ್ನೇ ಸಮಾಧಾನ ಮಾಡುವವಳಂತೆ.

ಅವರು ಆ ಹನ್ನೆರಡು ಕಾಯಿಗಳನ್ನು ಬಹಳ ಹೊತ್ತು ನೋಡಿದರು. ಹಿಂದಿನ ಎರಡೂ ಸೊನ್ನೆಗಳು ತಪ್ಪು ಎಂದು ಆ ವಾರವೇ ಆಫೀಸಿಗೆ ಬರೆದು ಕೊಟ್ಟೆ.

ನಾಲ್ಕನೇ ರೌಂಡಿಗೆ ಹೋದಾಗ ಹಲಗೆ ಖಾಲಿಯಿತ್ತು. ಮಗ್ಗದ ಮೇಲೆ ಒಡಲು, ಅಂಚು ಎರಡೂ ಒಂದೇ ಬಣ್ಣದ ಸೀರೆ. “ಹೈಸ್ಕೂಲಿಗೆ ಹೋಗೈತೆ ರೀ. ಇದಾದ್ರೆ ಒಬ್ನೇ ನೇಯ್ತೀನಿ,” ಎಂದರು ತಿಪ್ಪೇಸ್ವಾಮಿ. ಆಮೇಲೆ, “ಮೊದ್ಲಿನಷ್ಟು ಚಂದ ಬರಲ್ಲ ಬಿಡ್ರಿ,” ಎಂದು ನಕ್ಕರು.

ಮಗುವಿನ ದಿನ ಹೇಗಿದೆಯೆಂದು ಮಗುವನ್ನೇ ಕೇಳಬೇಕು. ಅದರ ಉತ್ತರಕ್ಕೆ ನಮ್ಮಲ್ಲಿ ಚಿತ್ರವಿಲ್ಲದಿದ್ದರೆ ಒಂದಿಷ್ಟು ಖಾಲಿ ನೆಲ ಬಿಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಈಗಲೂ ಎರಡು ಬಣ್ಣದ ಸೀರೆ ಕಂಡರೆ ಅಂಚು ಒಡಲಿಗೆ ಕೂಡುವ ಜಾಗವನ್ನು ಮುಟ್ಟಿ ನೋಡುತ್ತೇನೆ. ಇದನ್ನು ನೇಯುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಅಂಗಡಿಯವರನ್ನು ಕೇಳುತ್ತೇನೆ. ಅವರಿಗೆ ಗೊತ್ತಿರುವುದಿಲ್ಲ.