ಮಾಯದ ಬಾವಿ ಮತ್ತು ತುಂಬಿದ ಉಡಿ

ಮನಗೂಳಿಯಲ್ಲಿರುವ ನನ್ನ ತಮ್ಮನ ಮಗಳು ಈಚೆಗೆ ಸಾಲೆಯ ಲೈಬ್ರರಿಯಿಂದ ಒಂದು ಕಾದಂಬರಿ ತಂದು ನನ್ನ ಮುಂದಿಟ್ಟಳು. 'ಅತ್ತಿ, ಇದ್ರಾಗ ನಿನ್ನಂಥಾಕಿ ಒಬ್ಬಾಕಿ ಅದಾಳ, ಓದು' ಅಂದಳು. ಹರೆಯದ ಮಕ್ಕಳಿಗಾಗಿ ಎಂದು ರಟ್ಟಿನ ಮೇಲೆ ಬರೆದಿತ್ತು. ಓದಿದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಆ ಹುಡುಗಿ ಮುಟ್ಟಿದರೆ ಒಣಗಿದ ಗಿಡ ಚಿಗುರುತ್ತದೆ, ನಕ್ಕರೆ ಬೆಳದಿಂಗಳು ಚೆಲ್ಲುತ್ತದೆ. ಇಷ್ಟೆಲ್ಲ ಮಾಡಿದವಳಿಗೆ ಒಂದು ಹೊತ್ತು ರೊಟ್ಟಿ ಹಾಕುವವರು ಇಡೀ ಪುಸ್ತಕದಲ್ಲಿಲ್ಲ. ಕೊನೆಗೆ ಕೆರೆಗಿಳಿದು ಬೆಳ್ಳಕ್ಕಿಯಾಗಿ ಹಾರಿಹೋಗುತ್ತಾಳೆ. ಊರು ಅಳುತ್ತದೆ. ಅಳಲಿಕ್ಕೇನು ಕಷ್ಟ, ಪೀಡೆ ತೊಲಗಿತಲ್ಲ!

ನಮ್ಮನ್ನು ಮನೆಯೊಳಗೆ ಎಲ್ಲಿ ಕೂಡಿಸಬೇಕೆಂದು ತಿಳಿಯದಿದ್ದರೆ ಈ ಲೇಖಕರು ರೆಕ್ಕೆ ಹಚ್ಚಿಬಿಡುತ್ತಾರೆ. ಈ ಚಾಳಿ ಹೊಸದಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಇಂಡಿ ತಾಲೂಕಿನ ನಮ್ಮೂರ ಹೈಸ್ಕೂಲಿನಲ್ಲಿದ್ದೆ. ಕನ್ನಡ ಮಾಸ್ತರರು ತಮ್ಮ ಮಟ್ಟಿಗೆ ತಾವೇ ದೊಡ್ಡ ಕವಿಗಳು. ಸಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಒಂದು ನಾಟಕ ಬರೆದರು. ಋಷಿಯನ್ನು ಗೇಲಿಮಾಡಿದ ರಾಜಕುಮಾರ ಮಾಯದ ಬಾವಿಯಲ್ಲಿ ಮುಳುಗಿ ಹೆಣ್ಣಾಗುತ್ತಾನೆ, ನಾಟಕದುದ್ದಕ್ಕೂ ಅಳುತ್ತಾನೆ, ಕೊನೆಗೆ ಮತ್ತೆ ಮುಳುಗಿ ಗಂಡಾಗಿ ಏಳುತ್ತಾನೆ. ಚಪ್ಪಾಳೆ. ದಿನಾ ವರ್ಗದಲ್ಲಿ 'ಇವನ ನಡಿಗಿ ನೋಡ್ರಲೇ' ಎಂದು ಎಲ್ಲರನ್ನೂ ನಗಿಸುತ್ತಿದ್ದ ಅದೇ ಮಾಸ್ತರರು ನನ್ನನ್ನು ಕರೆದು, 'ಈ ಹೆಣ್ಣಿನ ಪಾತ್ರ ನಿನಗ ಹೇಳಿ ಮಾಡಿಸಿದಂಗ ಐತಿ' ಅಂದರು.

ನನಗೆ ಸೀರೆ ಬೇಕಾಗಿತ್ತು, ಒಪ್ಪಿಕೊಂಡೆ. ಆದರೆ ನಾನು ಹಂಬಲಿಸಿ ಬೇಡಿಕೊಂಡದ್ದನ್ನು ಆ ಮನುಷ್ಯ ಶಾಪವೆಂದು ಬರೆದಿದ್ದರು. ಅಪ್ಪನಂತೂ ಮಾಸ್ತರರನ್ನು ಮೊದಲೇ ವಿಚಾರಿಸಿದ. 'ಕಡೀಕ ಗಂಡಸ ಅಕ್ಕಾನಲ್ಲ? ಹಂಗಾದ್ರ ನೋಡಾಕ ಬರ್ತೇನಿ' ಎಂದ.

ಅಪ್ಪನ ತಾಯಿ, ನಮ್ಮ ಆಯಿ, ತನ್ನ ಇಳಕಲ್ಲ ಸೀರೆಯನ್ನೇ ನನಗೆ ಉಡಿಸಿದಳು. ನೆರಿಗೆ ಸರಿಮಾಡಿ ಮುಗಿಸುತ್ತಲೇ ಅವಳ ಕೈ ತಾನಾಗಿ ಅಕ್ಕಿಯ ಡಬ್ಬಿಗೆ ಹೋಯಿತು. ಸೀರೆಯುಟ್ಟು ಹೊರಟವರನ್ನು ಬರಿ ಸೆರಗಿನಲ್ಲಿ ಕಳಿಸಿ ಅವಳಿಗೆ ರೂಢಿಯಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದು ಕುಬಸದ ಖಣ ಎಲ್ಲ ಸೆರಗಿಗೆ ಹಾಕಿ, ಮನೆಯ ಹೆಣ್ಣುಮಕ್ಕಳಿಗೆ ಮಡಿಲು ತುಂಬುವಂತೆ ಉಡಿ ತುಂಬಿ ಸೊಂಟಕ್ಕೆ ಸಿಗಿಸಿದಳು. ಆಮೇಲೆ ನನ್ನ ಮುಖ ನೋಡಿ, ಯಾರಿಗೆ ಉಡಿ ತುಂಬಿದೆನೆಂದು ಹೊಳೆದು ತಡೆದು ನಿಂತಳು. ಆದರೆ ತೆಗೆಯಲಿಲ್ಲ. 'ಚೆಲ್ಲಬ್ಯಾಡ, ಹುಷಾರ' ಅಂದಳಷ್ಟೆ.

ಕಣಕ್ಕೆ ಹಾಸುವ ತಾಡಪಲ್ಲು ಸುತ್ತಿ ಮಾಸ್ತರರು ಬಾವಿ ಮಾಡಿದ್ದರು. ಕೊನೆಯ ಅಂಕ ಬಂತು. ನಾನು ಜಿಗಿದ ಕೂಡಲೇ ಎದ್ದು ನಿಲ್ಲಬೇಕಾದ ರಾಜಕುಮಾರನ ಪಾತ್ರದ ಹುಡುಗ ಒಳಗೆ ಕಿರೀಟ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ನಾನು ಜಿಗಿಯಲಿಲ್ಲ.

'ಜಿಗಿಯೋ!' ಪರದೆಯ ಹಿಂದಿನಿಂದ ಮಾಸ್ತರರು.

'ನಾ ಜಿಗಿಯೂದಿಲ್ರಿ. ನಮ್ಮ ಆಯಿ ಉಡಿ ತುಂಬ್ಯಾಳ' ಎಂದೆ.

ಗಂಡಸರು ಸೀಟಿ ಹೊಡೆದರು. ಬಾವಿಯೊಳಗಿಂದ 'ಲಗೂನ ಬಾರಲೇ, ಬೆವರಾಕತ್ತೇನಿ' ಎಂದು ರಾಜಕುಮಾರ ಗೋಗರೆದ. ಮಾಸ್ತರರು ರಂಗಕ್ಕೇ ಬಂದು ನನ್ನ ತೋಳಿಗೆ ಕೈ ಹಾಕಿದರು. ಆಗ ಹೆಂಗಸರ ಜಮಖಾನದಿಂದ ಆಯಿ ಎದ್ದು ನಿಂತಳು.

'ಏನ್ರಿ ಮಾಸ್ತರ, ತುಂಬಿದ ಉಡಿ ಚೆಲ್ಲೂದು ಯಾವ ಸಾಲ್ಯಾಗ ಕಲತ್ರಿ?'

'ಹೌದ್ರಿ ಮತ್ತ, ಬಿಡ್ರಿ ಕೈ' ಎಂದು ಹೆಂಗಸರೆಲ್ಲ ದನಿಗೂಡಿಸಿದರು. ಕವಿಗಳು ಕೈ ಬಿಟ್ಟು ಪರದೆ ಇಳಿಸಿದರು. ರಾಜಕುಮಾರ ಬಾವಿಯಲ್ಲೇ ಉಳಿದ.

ಮನೆಗೆ ಹೋಗುವಾಗ ಅಪ್ಪ ಮುಂದೆ ಮುಂದೆ ನಡೆದ. ಮನೆಯಿಂದ ಹೊರಗೆ ಹಾಕುತ್ತಾನೆಂದು ನನ್ನ ಜೀವ ಕೈಯಲ್ಲಿತ್ತು. ಮುಂದೆ ಅವನೊಡನೆ ವರ್ಷಗಟ್ಟಲೆ ಜಗಳಾಡಿದ್ದೇನೆ, ಮನೆ ಬಿಟ್ಟಿದ್ದೇನೆ, ತಿರುಗಿ ಬಂದಿದ್ದೇನೆ. ಯಾವ ಬೆಳದಿಂಗಳೂ ನೆರವಿಗೆ ಬರಲಿಲ್ಲ. ಆದರೆ ಮರುದಿನ ಮಧ್ಯಾಹ್ನ ಆದದ್ದು ಇಷ್ಟು: ಉಡಿಯಕ್ಕಿ ಕೆಡಿಸಬಾರದೆಂದು ಆಯಿ ಅದನ್ನೇ ಅನ್ನ ಮಾಡಿದಳು, ನೀಡಲು ನನ್ನನ್ನು ನಿಲ್ಲಿಸಿದಳು. ಯಾವ ಅಕ್ಕಿಯೆಂದು ಅಪ್ಪನಿಗೆ ಗೊತ್ತಿತ್ತು. ತಲೆಯೆತ್ತದೆ ಉಂಡ. ಅನ್ನ ಮುಗಿದ ಮೇಲೆ ತಾಟನ್ನು ನನ್ನ ಕಡೆ ಸರಿಸಿದ.

'ಇನ್ನೀಟ ನೀಡವ್ವಾ.'

ನೀಡಿದೆ.